ದಪ್ಪ ಅಕ್ಷರದ ಒಂದು ಪದ

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಕನ್ನಡಕಪ್ಪ ಕಸದ ಚೀಲ ಹಿಡಿದು ಮೆಟ್ಟಿಲಿಳಿದಾಗ, ಅವನ ಟಪಾಲು ಡಬ್ಬಿಯೊಳಗಿಂದ ಹಳದಿ ಲಕೋಟೆಯೊಂದು ನಾಲಿಗೆಯಂತೆ ಹೊರಗೆ ಚಾಚಿಕೊಂಡಿತ್ತು. ಅವನನ್ನು ಅಣಕಿಸಲೆಂದೇ ಹಾಗೆ ಚಾಚಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿದ್ದುಂಟು. ಆ ಹೊತ್ತಿನಲ್ಲಿ ಮಾತ್ರ ಸರ್ಕಾರದ ಮುದ್ರೆ ಕಂಡದ್ದೇ ಕಸದ ಚೀಲವನ್ನು ಟಪಾಲು ಡಬ್ಬಿಯ ಮೇಲೇ ಇಟ್ಟು, ಲಕೋಟೆ ಹಿಡಿದುಕೊಂಡು ಮೇಲಕ್ಕೆ ಓಡಿದ.

ಕನ್ನಡಕಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಈ ಪರದೇಶದ ಊರಿನ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಆಮೇಲೆ ಗಿರಾಕಿಗಳಿಗೆ ಹಾಕಿ ನೋಡುವುದು ಅವನ ಕೆಲಸವಾದ್ದರಿಂದ, ಕಟ್ಟಡದಲ್ಲಿದ್ದ ನಮ್ಮ ಕಡೆಯವರೆಲ್ಲ ಸೇರಿ ದಯಪಾಲಿಸಿದ ಬಿರುದು ಅದು. ಬಂದು ಹದಿನಾಲ್ಕು ತಿಂಗಳಾಗಿತ್ತು. ಇಲ್ಲಿನ ಭಾಷೆಯಲ್ಲಿ ಅವನಿಗೆ ತಪ್ಪಿಲ್ಲದೆ ಬರುತ್ತಿದ್ದ ವಾಕ್ಯಗಳು ನಾಲ್ಕು: 'ಮೇಲೆ ನೋಡಿ', 'ಕೆಳಗೆ ನೋಡಿ', 'ರೆಪ್ಪೆ ಬಡಿಯಬೇಡಿ', 'ಈಗ ಚೆನ್ನಾಗಿ ಕಾಣುತ್ತಿದೆಯಾ?' ಈ ನಾಲ್ಕರಿಂದ ಉದ್ಯೋಗ ನಡೆಯುತ್ತಿತ್ತು. ಸಂಸಾರ ನಡೆಯಬೇಕಾದರೆ ಹೆಂಡತಿ ಬರಬೇಕಿತ್ತು.

ಹೆಂಡತಿ ಊರಲ್ಲಿ ಗಣಿತದ ಟೀಚರ್. ಮದುವೆಯಾಗಿ ಎರಡು ವರ್ಷ, ಒಟ್ಟಿಗೆ ಬಾಳಿದ್ದು ಹತ್ತು ತಿಂಗಳು. ಗಂಡನಿರುವಲ್ಲಿಗೆ ಬಂದು ನೆಲೆಸಲು ಅನುಮತಿ ಬೇಕೆಂದು ಅವಳೇ ಅಲ್ಲಿಂದ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಕಳಿಸಿ ಐದು ತಿಂಗಳಾಗಿತ್ತು. ಆ ಐದು ತಿಂಗಳೂ ಕನ್ನಡಕಪ್ಪ ದಿನಕ್ಕೆರಡು ಸಲ ಟಪಾಲು ಡಬ್ಬಿ ಮುಟ್ಟಿ ನೋಡುತ್ತಿದ್ದ.

ಮನೆಗೆ ಬಂದು ಕಾಗದ ಬಿಡಿಸಿದ. ಅವನ ಹೆಸರಿತ್ತು. ಇವತ್ತಿನ ತಾರೀಕಿತ್ತು. ಹನ್ನೊಂದು ಗಂಟೆ ಎಂದಿತ್ತು. 'ಹೆಂಡತಿ' ಎಂಬ ಪದವೂ ಇತ್ತು. ಅಂಗಡಿಗೆ ಬರುವ ಗಂಡಸರು ಚೌಕಟ್ಟು ಆರಿಸುವ ಮುಂಚೆ ಆ ಪದ ಹೇಳುವುದನ್ನು ಕೇಳಿ ಕೇಳಿ ಅವನಿಗೆ ಗುರುತು ಸಿಗುತ್ತಿತ್ತು. ತಲೆಬರಹದಲ್ಲಿ ಮಾತ್ರ ದಪ್ಪ ಅಕ್ಷರದ ಒಂದೇ ಒಂದು ಪದ, ಅದರ ಕೆಳಗೊಂದು ಗೆರೆ. ಅದು ಅವನಿಗೆ ಗೊತ್ತಿರಲಿಲ್ಲ. ಫೋನಿನ ಅನುವಾದಕಕ್ಕೆ ತೋರಿಸಿದ. ಅದು ಸ್ವಲ್ಪ ಯೋಚಿಸಿ, 'ತುತ್ತೂರಿ! ನಿಮ್ಮ ಹೆಂಡತಿ ಹನ್ನೊಂದು ಗಂಟೆಗೆ ಅಂಟಿಸಲ್ಪಡುವಳು. ಬೆರಳುಗಳನ್ನು ಮರೆಯದೆ ತನ್ನಿ' ಎಂದು ಉತ್ತರ ಕೊಟ್ಟಿತು.

ಕನ್ನಡಕಪ್ಪ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಕೆಳಗಿನ ಮಹಡಿಯ ಅಕ್ಕನ ಮನೆಗೆ ಹೋದ.

ಅಕ್ಕನ ಮನೆ ಎಂದರೆ ಭಾವನ ಮನೆ. ಭಾವ ಎಂದರೆ ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ಬೇರುಬಿಟ್ಟವರು. ಹೊಸಬರಿಗೆ ಸಲಹೆ ಕೊಡುವುದಕ್ಕೆಂದೇ ದೇವರು ತಮ್ಮನ್ನು ಎಲ್ಲರಿಗಿಂತ ಮುಂಚೆ ಇಲ್ಲಿಗೆ ರವಾನಿಸಿದ್ದಾನೆ ಎಂದು ದೃಢವಾಗಿ ನಂಬಿದವರು. ಯಾವ ಸೋಪು ಕೊಳ್ಳಬೇಕು, ಯಾವ ಕಿಟಕಿ ತೆರೆಯಬಾರದು, ಪಕ್ಕದ ಮನೆಯವರನ್ನು ಕಂಡಾಗ ತಲೆಯನ್ನು ಎಷ್ಟು ಬಗ್ಗಿಸಬೇಕು ಎಂಬುದನ್ನೆಲ್ಲ ಅವರು ಕೇಳದೆಯೇ ತಿಳಿಸುತ್ತಿದ್ದರು. ಕೇಳಿದರಂತೂ ದೇವರೇ ಗತಿ. ದಿನವೂ ಹನ್ನೊಂದರಿಂದ ನಾಲ್ಕರವರೆಗೆ ಕೋಣೆ ಬಾಗಿಲು ಹಾಕಿಕೊಂಡು ಅದೇನೋ 'ಸರ್ಕಾರದ ಕೆಲಸ' ಮಾಡುತ್ತಿದ್ದರು. ಏನು ಕೆಲಸ ಎಂದು ಅಕ್ಕನಿಗೂ ಸರಿಯಾಗಿ ಗೊತ್ತಿರಲಿಲ್ಲ. "ಗುಟ್ಟಿನ ಕೆಲಸವಂತೆ ಕಣೋ, ಕೇಳಿದ್ರೆ ಸಿಡುಕ್ತಾರೆ" ಎನ್ನುತ್ತಿದ್ದಳು.

ಭಾವ ಕಾಗದವನ್ನು ಕೈಗೆ ತೆಗೆದುಕೊಂಡು ತೋಳು ಚಾಚಿ ದೂರ ಹಿಡಿದರು. ಸಾಲದೆಂದು ಕುತ್ತಿಗೆಯನ್ನೂ ಹಿಂದಕ್ಕೆ ಎಳೆದುಕೊಂಡರು. ಇನ್ನೂ ಒಂದು ಗೇಣು ಉದ್ದದ ತೋಳು ಇದ್ದಿದ್ದರೆ ಚೆನ್ನಾಗಿತ್ತು. ಭಾವನಿಗೆ ಓದುವ ಕನ್ನಡಕ ತುರ್ತಾಗಿ ಬೇಕು ಎಂದು ಕನ್ನಡಕಪ್ಪನ ವೃತ್ತಿಜ್ಞಾನ ಹೇಳುತ್ತಿತ್ತು. ಭಾವನಿಗೆ ಹಾಗೆ ಹೇಳಬಾರದು ಎಂದು ಅವನ ಲೋಕಜ್ಞಾನ ಹೇಳುತ್ತಿತ್ತು. ಹಿಂದೊಮ್ಮೆ ಹೇಳಿದ್ದಕ್ಕೆ ಭಾವ ಮೂರು ವಾರ ಮಾತು ಬಿಟ್ಟಿದ್ದರು.

"ಹೂಂ" ಎಂದರು ಭಾವ.

"ಏನು ಭಾವ?"

"ಹೂಂ, ಹೂಂ." ಕಾಗದ ಮಡಿಚಿದರು. "ಗಾಬರಿ ಆಗ್ಬೇಡ. ಕೂತ್ಕೋ ಮೊದ್ಲು. ಇದು ವಿಚಾರಣೆ."

"ವಿಚಾರಣೆನಾ? ನಾನೇನ್ ಮಾಡಿದೀನಿ?"

"ನೀನೇನೂ ಮಾಡಿಲ್ಲ ಅಂತ ನಂಗೊತ್ತು. ಅವ್ರಿಗೆ ಗೊತ್ತಿರ್ಬೇಕಲ್ಲ? ಮದುವೆ ನಿಜವೋ, ಬರೀ ಕಾಗದದ ಮೇಲಿನದೋ ಅಂತ ನೋಡ್ತಾರೆ. ಹೆಂಡತಿ ಬಗ್ಗೆ ಸಣ್ಣಸಣ್ಣದೆಲ್ಲ ಕೇಳ್ತಾರೆ. ಯಾವ ಪಕ್ಕಕ್ಕೆ ಮಲಗ್ತಾಳೆ, ಹಲ್ಲುಜ್ಜೋ ಬ್ರಷ್ಷು ಯಾವ ಬಣ್ಣ... ತಡವರಿಸಿದ್ಯೋ, ಮುಗೀತು. ಅವಳು ಬರೋದಿರ್ಲಿ, ನೀನೂ ವಾಪಸ್."

ಅಡುಗೆಮನೆಯಿಂದ ಅಕ್ಕ ಇಣುಕಿದಳು. "ಹನ್ನೊಂದು ಗಂಟೆಗೆ ಬಾ ಅಂದಿದಾರೆ. ಹನ್ನೊಂದು ಗಂಟೆಗೆ ಹೋಗು. ಇಷ್ಟಕ್ಕೆಲ್ಲ ಪಂಚಾಯ್ತಿ ಯಾಕೆ? ಬಾ, ತಿಂಡಿ ತಿನ್ನು."

ಅಂದು ಬೆಳಿಗ್ಗೆ ಆ ಕಟ್ಟಡದಲ್ಲಿ ಕೇಳಿಬಂದ ಏಕೈಕ ಬುದ್ಧಿಮಾತು ಅದು. ಹಾಗಾಗಿ ಯಾರೂ ಅದಕ್ಕೆ ಕಿವಿಗೊಡಲಿಲ್ಲ.

"ನಾನೇ ಜೊತೆಗೆ ಬರ್ತಿದ್ದೆ ಕಣಯ್ಯಾ. ಆದ್ರೆ ಹನ್ನೊಂದಕ್ಕೆ ನಂಗೆ ಡ್ಯೂಟಿ" ಎಂದು ಭಾವ ಬೀರುವಿನಿಂದ ತಮ್ಮ ಕೋಟು ತೆಗೆದರು. "ಹಾಕ್ಕೋ. ಕೋಟಿಲ್ಲದವನ ಮಾತಿಗೆ ಇಲ್ಲಿ ಬೆಲೆ ಇಲ್ಲ. ಮದುವೆ ಆಲ್ಬಮ್ ತಗೋ. ಎಲ್ಲಾ ಕಾಗದಕ್ಕೂ ಮೂರು ಮೂರು ಪ್ರತಿ. ಮತ್ತೆ ನೆನಪಿಟ್ಕೋ, ನಗ್ಬೇಡ. ನಕ್ರೆ ಏನೋ ಮುಚ್ಚಿಡ್ತಿದಾನೆ ಅಂದ್ಕೋತಾರೆ."

ಭಾವನ ಕೋಟಿನೊಳಗೆ ಇನ್ನೊಬ್ಬ ಕನ್ನಡಕಪ್ಪನಿಗೆ ಆರಾಮವಾಗಿ ಜಾಗವಿತ್ತು. ತೋಳು ಬೆರಳ ತುದಿ ದಾಟಿ ಇಳಿಬಿದ್ದು, ಅವನು ಕೈಯಿಲ್ಲದವನಂತೆ ಕಾಣತೊಡಗಿದ.

ತಿಂಡಿಗೆ ಕೂರಬೇಕು ಎನ್ನುವಷ್ಟರಲ್ಲಿ ಎದುರುಮನೆಯ ನರ್ಸಮ್ಮ ಬಂದರು. ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ, ಪ್ರಪಂಚವನ್ನು ರೋಗಿಗಳು, ರೋಗ ಗೊತ್ತಿಲ್ಲದ ರೋಗಿಗಳು ಎಂದು ಎರಡಾಗಿ ವಿಂಗಡಿಸಿಕೊಂಡಿದ್ದ ಹೆಂಗಸು. ಬಾಗಿಲಲ್ಲೇ ಅಕ್ಕನಿಂದ ವಿಷಯ ಕೇಳಿ, ಕಾಗದ ನೋಡುವ ಮುಂಚೆಯೇ ತೀರ್ಪು ಕೊಟ್ಟರು.

"ಬೆರಳು ತನ್ನಿ ಅಂತ ಬಂತಾ? ಹಂಗಾದ್ರೆ ರಕ್ತ ಪರೀಕ್ಷೆ. ವಿಚಾರಣೆ ಗಿಚಾರಣೆ ಏನೂ ಅಲ್ಲ. ತಮ್ಮಾ, ಒಂದ್ ತುತ್ತೂ ತಿನ್ಬೇಡ, ನೀರೂ ಕುಡೀಬೇಡ."

"ಅಲ್ಲಾ ಸಿಸ್ಟರ್, ಭಾವ ಹೇಳ್ತಾರೆ..."

"ಅವ್ರು ಹೇಳ್ತಾರೆ. ತಿಂದ್ಕೊಂಡು ಹೋದ್ರೆ ಸಕ್ಕರೆ ಜಾಸ್ತಿ ಬರತ್ತೆ. ರೋಗಿಷ್ಠನ ಹತ್ರ ಹೆಂಡತೀನ ಯಾಕೆ ಕಳಿಸ್ಬೇಕು ಅಂತ ಅರ್ಜಿ ಪಕ್ಕಕ್ಕಿಡ್ತಾರೆ." ಅವರು ತಮ್ಮ ಕೈಚೀಲದಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಅವನ ಕೈಗಿತ್ತರು. "ಇದನ್ನ ತುಂಬಿಸ್ಕೊಂಡೇ ಹೋಗು. ಅಲ್ಲಿ ಕೇಳ್ದಾಗ ಬರ್ಲಿಲ್ಲ ಅಂದ್ರೆ ಕಷ್ಟ."

"ಏನು ತುಂಬಿಸ್ಲಿ?"

ನರ್ಸಮ್ಮ ಅವನನ್ನು ಸುಮ್ಮನೆ ನೋಡಿದರು. ಅರ್ಥವಾಯಿತು. ಅಕ್ಕ ತಿಂಡಿಯ ತಟ್ಟೆಯನ್ನು ನಿಟ್ಟುಸಿರಿನೊಂದಿಗೆ ಒಳಗೆ ತೆಗೆದುಕೊಂಡು ಹೋದಳು.

ಮೂರನೆಯವರು ಬಸ್ಸಣ್ಣ. ನಗರದ ಬಸ್ಸು ಓಡಿಸುವ ಚಾಲಕ, ಮೇಲಿನ ಮಹಡಿಯವರು, ರಜೆಯಲ್ಲಿದ್ದರು. ಮೆಟ್ಟಿಲ ಮೇಲೆ ಗದ್ದಲ ಕೇಳಿ ಬಂದವರು, ಭಾವ ಮತ್ತು ನರ್ಸಮ್ಮ ಇಬ್ಬರನ್ನೂ ಕರುಣೆಯಿಂದ ನೋಡಿ ನಕ್ಕರು.

"ಅಲ್ಲಪ್ಪಾ, ಇಷ್ಟೂ ತಿಳಿಯಲ್ವಾ? ಅಂಟಿಸ್ತಾರೆ ಅಂತಿಲ್ವಾ? ಏನಂಟಿಸ್ತಾರೆ? ನೋಟಿಸು! ಎಲ್ಲಿ? ಮನೆ ಬಾಗಿಲಿಗೆ! ಮನೆ ನೋಡ್ತಾರೆ ಅಂತ ಅರ್ಥ. ಇಬ್ರು ಇರೋವಷ್ಟು ಅನುಕೂಲ ಇದ್ಯಾ ಅಂತ."

"ಅದಕ್ಕೆ ನಾನು ಅಲ್ಲಿಗೆ ಯಾಕೆ ಹೋಗ್ಬೇಕು ಬಸ್ಸಣ್ಣ?"

"ಪುರಾವೆ ಕೊಡೋಕೆ. ಫೋಟೋ ತೋರಿಸಿದ್ರೆ ನಂಬಲ್ಲ ಅವ್ರು. ಬೇರೆಯವರ ಮನೆ ಫೋಟೋ ತೋರಿಸಿ ಎಷ್ಟು ಜನ ಸಿಕ್ಕಿಬಿದ್ದಿಲ್ಲ? ವಸ್ತುವೇ ತೋರಿಸ್ಬೇಕು. ಎರಡನೇ ದಿಂಬು ಇದ್ಯಾ ನಿನ್ ಹತ್ರ?"

ಇತ್ತು. ಹೆಂಡತಿಗೆಂದು ಕಳೆದ ತಿಂಗಳಷ್ಟೇ ಆಸೆಯಿಂದ ಕೊಂಡಿದ್ದ. ಇನ್ನೂ ಅದರ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.

"ತಗೊಂಡು ಹೋಗು" ಎಂದರು ಬಸ್ಸಣ್ಣ, ವಕೀಲರಂತೆ.

ಇಲ್ಲಿ ಕನ್ನಡಕಪ್ಪ ಒಂದನ್ನು ಆರಿಸಿಕೊಂಡು ಎರಡನ್ನು ಬಿಡಬಹುದಿತ್ತು. ಆದರೆ ಯಾವುದು ಸರಿಯೋ ಗೊತ್ತಿರಲಿಲ್ಲ. ಜೊತೆಗೆ ಮೂವರೂ ನಾಳೆ ಮೆಟ್ಟಿಲಲ್ಲಿ ಎದುರಾಗುವವರೇ. ಅದಕ್ಕಿಂತ ಹೆಚ್ಚಾಗಿ, ಹದಿನಾಲ್ಕು ತಿಂಗಳಿಂದ ಒಂದೇ ತಟ್ಟೆ ತೊಳೆದು, ಒಂದೇ ಲೋಟ ತೊಳೆದು, ಭಾನುವಾರ ಬಂತೆಂದರೆ ಗೋಡೆಯನ್ನು ಮಾತಾಡಿಸುವ ಮಟ್ಟಕ್ಕೆ ಬಂದಿದ್ದ ಅವನು, ಒಂದು ದಿಂಬು ಹೊರುವ ನಾಚಿಕೆಗಾಗಿ ಹೆಂಡತಿಯನ್ನು ಕಳೆದುಕೊಳ್ಳಲು ಸಿದ್ಧನಿರಲಿಲ್ಲ. ಮೂರನ್ನೂ ಪಾಲಿಸಿದ.

ಒಂಬತ್ತೂ ಮುಕ್ಕಾಲಿಗೆ ಹೆಂಡತಿಗೆ ಫೋನ್ ಮಾಡಿದ. ಅಲ್ಲಿ ಮಧ್ಯಾಹ್ನ; ಶಾಲೆಯ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ನೋಡೇ, ಟೈಮಿಲ್ಲ. ಬೇಗ ಹೇಳು. ನೀನು ಹಲ್ಲುಜ್ಜೋ ಬ್ರಷ್ಷು ಯಾವ ಬಣ್ಣ?"

"ಏನ್ರೀ ಆಯ್ತು ನಿಮಗೆ?"

"ಹೇಳೇ ಸುಮ್ನೆ!"

"ಹತ್ತು ತಿಂಗಳು ಒಂದೇ ಸ್ಟ್ಯಾಂಡಲ್ಲಿ ನಿಮ್ಮ ಬ್ರಷ್ಷಿನ ಪಕ್ಕದಲ್ಲೇ ಇತ್ತಲ್ಲ? ನೀವೇ ಹೇಳಿ, ಯಾವ ಬಣ್ಣ?"

"ನೀಲಿ..."

"ನೀಲಿ ನಿಮ್ಮದು."

"ಹಸಿರು?"

"ಊಹೆ ಮಾಡ್ಬೇಡಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ. ನನ್ನ ಹುಟ್ಟಿದ ತಾರೀಕು?"

"ಅದು ಗೊತ್ತು! ಹದಿನೇಳು... ಅಲ್ಲ, ಹತ್ತೊಂಬತ್ತು..."

"ರೀ, ನೀವು ಫೇಲು" ಎಂದಳು ಟೀಚರ್. ಆಮೇಲೆ ದನಿ ಬದಲಾಯಿತು. "ಏನಾಯ್ತು ಹೇಳ್ರೀ. ಯಾಕೆ ಇದನ್ನೆಲ್ಲ ಕೇಳ್ತಿದೀರಾ?"

"ಇವತ್ತು ಹನ್ನೊಂದಕ್ಕೆ ವಿಚಾರಣೆ ಇದೆ ಕಣೇ, ನಮ್ಮ ಮದುವೆ ನಿಜವೋ ಅಲ್ಲವೋ ಅಂತ..."

"ಲೇಟಾಯ್ತು, ಬಿಡು ಫೋನು!" ಎಂದು ಭಾವ ಹಿಂದಿನಿಂದ ಬಂದು ಫೋನು ಕಸಿದು ಆರಿಸಿ, ಕೋಟಿನ ಜೇಬಿಗೆ ತುರುಕಿ, ಅವನನ್ನು ಮೆಟ್ಟಿಲ ಕಡೆ ತಳ್ಳಿದರು.

ಬಸ್ಸಿನಲ್ಲಿ ಕನ್ನಡಕಪ್ಪ ನಿಂತೇ ಹೋದ. ಸೀಟು ಇರಲಿಲ್ಲವೆಂದಲ್ಲ. ಒಂದು ಕಂಕುಳಲ್ಲಿ ದಿಂಬು, ಇನ್ನೊಂದರಲ್ಲಿ ಇಟ್ಟಿಗೆ ಗಾತ್ರದ ಆಲ್ಬಮ್, ಒಳಜೇಬಿನಲ್ಲಿ ಮೂರು ಕವರು ಸುತ್ತಿದ ಬಾಟಲಿ. ಕೂತರೆ ಇವುಗಳಲ್ಲಿ ಯಾವುದಕ್ಕಾದರೂ ಅಪಾಯವಿತ್ತು. ಬಾಟಲಿಗಾದರಂತೂ ಅಪಾಯ ಬಸ್ಸಿಗೆಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ದಿಂಬು ನೋಡಿ, ಅವನ ಮುಖ ನೋಡಿ, ಈತನನ್ನು ಮನೆಯಿಂದ ಹೊರಹಾಕಿದ್ದಾರೆಂದು ತೀರ್ಮಾನಿಸಿ ಅವನ ಭುಜ ತಟ್ಟಿದರು. ಅವನಿಗೆ ಅಳು ಬಂತು. ನಗಬೇಡ ಎಂದಿದ್ದರೇ ಹೊರತು ಅಳಬೇಡ ಎಂದು ಯಾರೂ ಹೇಳಿರಲಿಲ್ಲ. ಆದರೂ ತಡೆದುಕೊಂಡ.

ಕಚೇರಿಯ ಬಾಗಿಲಲ್ಲಿ ತಪಾಸಣೆ. ಕಾವಲುಗಾರ ದಿಂಬನ್ನು ಹಿಂಡಿದ, ಕಿವಿಯ ಹತ್ತಿರ ಹಿಡಿದು ಆಲಿಸಿದ. ಆಲ್ಬಮ್ ತಿರುವಿ, ನಾಲ್ಕೈದು ಫೋಟೋಗಳನ್ನು ಆಸಕ್ತಿಯಿಂದ ನೋಡಿದ. ಆಮೇಲೆ ಬಾಟಲಿ ಸಿಕ್ಕಿತು. ಒಂದು ಕವರು ಬಿಚ್ಚಿದ, ಇನ್ನೊಂದು ಬಿಚ್ಚಿದ, ಮೂರನೆಯದನ್ನೂ ಬಿಚ್ಚಿ ಬೆಳಕಿಗೆ ಹಿಡಿದು, ಗೋಡೆಯ ಮೇಲಿನ ಚಿತ್ರದ ಕಡೆ ಬೆರಳು ತೋರಿಸಿದ. ಚಿತ್ರದಲ್ಲಿ ಒಬ್ಬ ಮನುಷ್ಯ ಬಾಟಲಿ ಎತ್ತಿ ಕುಡಿಯುತ್ತಿದ್ದ. ಒಳಗೆ ಯಾವುದೇ ಪಾನೀಯ ಒಯ್ಯುವವರು ಮೊದಲು ಒಂದು ಗುಟುಕು ತಾವೇ ಕುಡಿದು ತೋರಿಸಬೇಕು ಎಂಬುದು ಅಲ್ಲಿಯ ನಿಯಮ.

ಕನ್ನಡಕಪ್ಪ ಆಗದೆಂದು ತಲೆಯಾಡಿಸಿದ. ಕಾವಲುಗಾರನ ಹುಬ್ಬು ಗಂಟಿಕ್ಕಿತು. ಒಂದು ಗುಟುಕು ಎಂದು ಬೆರಳು ಎತ್ತಿದ. ಕನ್ನಡಕಪ್ಪ ಎರಡೂ ಕೈ ಜೋಡಿಸಿದ. ಕೋಟಿನ ತೋಳು ಜೋತುಬಿದ್ದಿದ್ದರಿಂದ ಜೋಡಿಸಿದ್ದು ಕಾಣಲಿಲ್ಲ. ಇನ್ನಿಬ್ಬರು ಕಾವಲುಗಾರರು ಬಂದರು. ಕೊನೆಗೆ ಅವರಲ್ಲಿ ಹಿರಿಯನೊಬ್ಬ ಮುಚ್ಚಳ ತೆಗೆದು ಮೂಸಿ ನೋಡಿ, ಬಹಳ ನಿಧಾನವಾಗಿ ಮುಚ್ಚಿ, ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆಯಲು ಹೋದ. ಕನ್ನಡಕಪ್ಪನನ್ನು ಒಳಗೆ ಬಿಟ್ಟರು. ಇಂಥವನನ್ನು ಹೊರಗೆ ಬಿಡುವುದಕ್ಕಿಂತ ಸರ್ಕಾರದ ಕಣ್ಣಳತೆಯಲ್ಲೇ ಇಟ್ಟುಕೊಳ್ಳುವುದು ಮೇಲು ಎನ್ನಿಸಿರಬೇಕು.

ಏಳನೇ ಕಿಟಕಿಯಲ್ಲಿ ಅವನನ್ನು ಕರೆದಾಗ ಹನ್ನೊಂದೂ ಹತ್ತು. ಗಾಜಿನ ಆಚೆ ನಡುವಯಸ್ಸಿನ ಅಧಿಕಾರಿಣಿ ಕೂತಿದ್ದಳು. ಅವಳು ಅವನನ್ನು ನೋಡಿ ಅಗಲವಾಗಿ ನಕ್ಕಳು. ಇವನು ನಗಲಿಲ್ಲ, ಭಾವನ ಆಜ್ಞೆ. ಅವಳು ಏನೋ ಹೇಳಿದಳು. ಇವನು ದಿಂಬನ್ನು ಮೇಜಿನ ಮೇಲೆ ಇಟ್ಟ. ಅವಳು ಮತ್ತೇನೋ ಕೇಳಿದಳು. ಇವನು ಆಲ್ಬಮ್ ತೆರೆದು ತಾಳಿ ಕಟ್ಟುವ ಪುಟ ತೋರಿಸಿದ. ಅವಳು ಗೊಂದಲದಿಂದ ಮೂರನೆಯ ಸಲ ಕೇಳಿದಾಗ, ಏನಾದರೂ ಮಾತಾಡದಿದ್ದರೆ ಕೆಟ್ಟೆನೆಂದು ಗಾಬರಿಬಿದ್ದು, ತನಗೆ ತಪ್ಪಿಲ್ಲದೆ ಬರುವುದನ್ನೇ ಹೇಳಿದ.

"ಮೇಲೆ ನೋಡಿ."

ಅಧಿಕಾರಿಣಿ ಮೇಲೆ ನೋಡಿದಳು. ಚಾವಣಿ ಬಿಟ್ಟು ಬೇರೇನೂ ಇರಲಿಲ್ಲ.

"ರೆಪ್ಪೆ ಬಡಿಯಬೇಡಿ" ಎಂದ ಕನ್ನಡಕಪ್ಪ, ಬೆವರೊರೆಸಿಕೊಳ್ಳುತ್ತ.

ಅವಳು ಅವನ ಕಡತದಲ್ಲಿ ಮಾತೃಭಾಷೆ ಯಾವುದೆಂದು ನೋಡಿ, ಫೋನ್ ಎತ್ತಿ ಭಾಷಾಂತರಕಾರರ ನಂಬರು ಒತ್ತಿದಳು. ಇಬ್ಬರಿಗೂ ಕೇಳುವಂತೆ ಅದನ್ನು ಸ್ಪೀಕರಿಗೆ ಹಾಕಿದಳು.

"ನಮಸ್ಕಾರ" ಎಂದಿತು ಗಂಭೀರವಾದ ದನಿ. "ನಾನು ಸರ್ಕಾರದ ಅಧಿಕೃತ ಭಾಷಾಂತರಕಾರ. ತಾವು ಆಡಿದ್ದಕ್ಕೆ ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ, ಯಥಾವತ್ತಾಗಿ ತಿಳಿಸುವುದು ನನ್ನ ಕರ್ತವ್ಯ."

ಕನ್ನಡಕಪ್ಪ ಬಾಯಿ ತೆರೆದ. "ಭಾವ?"

ಆಚೆ ಯಾರೋ ಕೆಮ್ಮಿದರು. "ಅವರೇನಂದರು?" ಎಂದು ಅಧಿಕಾರಿಣಿ ಕೇಳಿದಳು.

"ಭಾವ ಉಕ್ಕಿ ಬರುತ್ತಿದೆಯಂತೆ ಮೇಡಂ" ಎಂದಿತು ದನಿ, ಅವಳ ಭಾಷೆಯಲ್ಲಿ. "ಅರ್ಜಿದಾರಳ ಗಂಡ ಸ್ವಲ್ಪ ಭಾವುಕರು." ಮರುಕ್ಷಣವೇ ಕನ್ನಡದಲ್ಲಿ, ಹಲ್ಲು ಕಚ್ಚಿ: "ಲೋ, ಬಾಯಿ ಮುಚ್ಚೋ! ಸಂಬಂಧಿಕರಿಗೆ ಭಾಷಾಂತರ ಮಾಡ್ಬಾರ್ದು ಅಂತ ರೂಲ್ಸಿದೆ. ಗೊತ್ತಾದ್ರೆ ನನ್ ಕೆಲ್ಸ ಹೋಗತ್ತೆ. ಈಗ ನಾನು ನಿನ್ ಭಾವ ಅಲ್ಲ."

"ಈಗೇನಂದಿರಿ?" ಎಂದಳು ಅಧಿಕಾರಿಣಿ.

"ಸಮಾಧಾನ ಹೇಳಿದೆ ಮೇಡಂ."

ಅವಳ ಮುಖ ಅರಳಿತು. "ಪಾಪ, ಸಹಜ. ಅವರಿಗೆ ಹೇಳಿ: ಅಭಿನಂದನೆಗಳು! ಕಾಗದದ ತಲೆಬರಹದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೆವಲ್ಲ. ಅವರ ಹೆಂಡತಿಗೆ ಅನುಮತಿ ಸಿಕ್ಕಿದೆ. ಬೆರಳಚ್ಚು ಕೊಟ್ಟು, ಒಂದು ಸಹಿ ಹಾಕಿ, ಪತ್ರ ತೆಗೆದುಕೊಂಡು ಹೋಗಲಿ. ಅಷ್ಟೇ ಕೆಲಸ."

ಸ್ಪೀಕರಿನಲ್ಲಿ ಬಹಳ ಹೊತ್ತು ಉಸಿರು ಮಾತ್ರ ಕೇಳಿಸಿತು.

"ಏನಂತೆ ಭಾ... ಏನಂತೆ ಸಾರ್?" ಎಂದ ಕನ್ನಡಕಪ್ಪ.

"ಅದು... ವಿಚಾರಣೆ ಮುಗೀತಂತೆ. ಗೆದ್ದೆಯಂತೆ ನೀನು."

"ಯಾವಾಗ ಮುಗೀತು? ಅವ್ರು ಏನೂ ಕೇಳೇ ಇಲ್ವಲ್ಲ!"

"ಅದೇ ಈ ದೇಶದ ವಿಚಾರಣೆ. ಮಾಡಿದ್ದು ಗೊತ್ತಾಗಲ್ಲ. ಬೆರಳೊತ್ತಿ ಸಹಿ ಹಾಕು, ಬೇಗ! ಬೇಗ ಹಾಕೋ!"

ಆ 'ಬೇಗ'ದಲ್ಲಿದ್ದ ನಡುಕವನ್ನು ಕನ್ನಡಕಪ್ಪ ಸಂತೋಷವೆಂದುಕೊಂಡ. ಹೆಂಡತಿ ಬರುತ್ತಾಳೆ! ಅವನಿಗೆ ಭಾವನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ನರ್ಸಮ್ಮನ ಮೇಲೆ, ಬಸ್ಸಣ್ಣನ ಮೇಲೆ, ಬಾಗಿಲಿನ ಕಾವಲುಗಾರನ ಮೇಲೆ ಕೂಡ. ಕೋಟಿನ ತೋಳು ಮಡಿಚಿ ಹತ್ತೂ ಬೆರಳು ಒತ್ತಿದ. ಸಹಿ ಹಾಕಿದ. ನಕ್ಕ. ಹೊಟ್ಟೆ ಖಾಲಿಯಾಗಿದ್ದರೂ ಆ ನಗು ಒಬ್ಬ ಉಂಡವನ ನಗುವಾಗಿತ್ತು.

ಅಧಿಕಾರಿಣಿ ಕಂಪ್ಯೂಟರಿನ ಗುಂಡಿ ಒತ್ತಿ, ಪತ್ರ ಹೊರಬರಲೆಂದು ಯಂತ್ರದ ಮುಂದೆ ಕೈಚಾಚಿದಳು. ಯಂತ್ರ ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು. ಪರದೆಯ ಹತ್ತಿರ ಬಗ್ಗಿದಳು. ಅವಳ ಮುಖದ ನಗು ಒಂದೊಂದೇ ದೀಪ ಆರಿಸಿದಂತೆ ಆರಿತು. ನಿಧಾನವಾಗಿ, ಅನುಕಂಪದಿಂದ, ಉದ್ದವಾಗಿ ಏನೋ ಹೇಳಿದಳು.

ಸ್ಪೀಕರಿನ ಕಡೆ ತಿರುಗಿದಳು.

"ಭಾಷಾಂತರಕಾರರೇ, ಇದ್ದೀರಾ?"

"ಇದ್ದೇನೆ" ಎಂದಿತು ಕ್ಷೀಣ ದನಿ. ಬಳಿಕ ಕನ್ನಡದಲ್ಲಿ, "ಪ್ರಿಂಟರು ಕೆಟ್ಟಿದೆಯಂತೆ."

"ಅಷ್ಟೇನಾ? ಅಷ್ಟುದ್ದ ಹೇಳಿದ್ರು?"

"ಈ ಭಾಷೆಯೇ ಹಾಗೆ. ಉದ್ದ ಜಾಸ್ತಿ. ನೀನು ಮನೆಗೆ ಬಾ, ಮಾತಾಡೋಣ."

ಆದರೆ ಅಧಿಕಾರಿಣಿ ಪರದೆಯನ್ನು ಅವನ ಕಡೆ ತಿರುಗಿಸಿದ್ದಳು. ಅಲ್ಲಿ ಹೆಂಡತಿಯ ಹೆಸರಿತ್ತು, ಹೆಸರಿನ ಮೇಲೆ ಅಡ್ಡಲಾಗಿ ಕೆಂಪು ಗೆರೆಯಿತ್ತು, ಗೆರೆಯ ಪಕ್ಕದಲ್ಲಿ ಇವತ್ತಿನ ತಾರೀಕು, ಸಮಯ ಹತ್ತೂ ಐವತ್ತೆರಡು. ಅಂಕಿಗಳನ್ನು ಓದಲು ಯಾವ ಭಾಷಾಂತರಕಾರನೂ ಬೇಕಿರಲಿಲ್ಲ. ಕನ್ನಡಕಪ್ಪ ಕೋಟಿನ ಜೇಬು ತಡಕಿ ಫೋನು ತೆಗೆದು, ಆನ್ ಮಾಡಿ ಹೆಂಡತಿಗೆ ಕರೆ ಮಾಡಿದ.

"ರೀ! ಬಿಟ್ರಾ ನಿಮ್ಮನ್ನ? ಏನೂ ತೊಂದ್ರೆ ಆಗ್ಲಿಲ್ಲ ತಾನೇ?" ಅವಳ ದನಿ ಅತ್ತು ಗಟ್ಟಿಯಾದಂತಿತ್ತು. "ನಾನು ಸರಿಯಾದ ಟೈಮಿಗೆ ವಾಪಸ್ ತಗೊಂಡೆ. ಇನ್ನು ಎಂಟೇ ನಿಮಿಷ ಇತ್ತು."

"ಏನು ವಾಪಸ್ ತಗೊಂಡೆ?"

"ಅರ್ಜೀನ! ನೀವು ವಿಚಾರಣೆ ಅಂದು ಫೋನಿಟ್ರಲ್ಲ, ನಂಗೆ ಕೈಕಾಲೇ ಆಡ್ಲಿಲ್ಲ. ಬ್ರಷ್ಷಿನ ಬಣ್ಣಕ್ಕೇ ಸೋತವರು ಅಲ್ಲಿ ಏನು ಉತ್ತರ ಕೊಡ್ತೀರಾ? ಭಾವನಿಗೆ ಫೋನ್ ಮಾಡ್ದೆ. ಅವ್ರೇ ದಾರಿ ಹೇಳಿದ್ದು. ಹನ್ನೊಂದರ ಒಳಗೆ ಅರ್ಜಿ ಹಿಂದಕ್ಕೆ ತಗೊಂಡ್ಬಿಡಮ್ಮಾ, ಅರ್ಜೀನೇ ಇಲ್ಲ ಅಂದ್ಮೇಲೆ ಯಾವುದರ ವಿಚಾರಣೆ ಮಾಡ್ತಾರೆ, ಗಂಡನ ಕೆಲಸಾನಾದ್ರೂ ಉಳೀಲಿ ಅಂದ್ರು. ಎಷ್ಟು ಬುದ್ಧಿವಂತರು ಅಲ್ವಾ?"

ಕನ್ನಡಕಪ್ಪ ಅಧಿಕಾರಿಣಿಯ ಮೇಜಿನ ಮೇಲಿದ್ದ ಸ್ಪೀಕರನ್ನು ನೋಡಿದ. ಸ್ಪೀಕರಿನಿಂದ 'ಟಕ್' ಎಂಬ ಸದ್ದು ಬಂತು. ಅಧಿಕೃತ ಭಾಷಾಂತರಕಾರರು ಕರ್ತವ್ಯ ಮುಗಿಸಿ ಫೋನು ಇಟ್ಟಿದ್ದರು.

"ರೀ? ಕೇಳಿಸ್ತಿದ್ಯಾ? ಏನಂದ್ರು ಆಫೀಸಲ್ಲಿ?"

"ಆಮೇಲೆ ಹೇಳ್ತೀನಿ ಕಣೇ" ಎಂದ. ಅನುಮತಿ ಸಿಕ್ಕಿತ್ತು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳು ಇನ್ನೂ ಎರಡು ತರಗತಿಗೆ ಪಾಠ ಮಾಡಬೇಕಿತ್ತು.

ಅಧಿಕಾರಿಣಿ ಒಳ್ಳೆಯವಳು. ನೀರು ಕೊಟ್ಟಳು. ಬೆಳಗಿನಿಂದ ಅವನ ಹೊಟ್ಟೆಗೆ ಬಿದ್ದ ಮೊದಲ ವಸ್ತು ಅದು. ಆಮೇಲೆ ಒಂದು ಕ್ಯಾಲೆಂಡರ್ ತೆಗೆದು ತಿಂಗಳುಗಳನ್ನು ಬೆರಳಿನಿಂದ ಎಣಿಸಿ ತೋರಿಸಿದಳು. ಹೊಸ ಅರ್ಜಿ, ಒಂದು, ಎರಡು, ಮೂರು, ನಾಲ್ಕು, ಐದು. ಅದರ ಜೊತೆಗೊಂದು ನಿಯಮವೂ ಇತ್ತು; ಅವಳು ಕೊಟ್ಟ ಕರಪತ್ರದಲ್ಲಿ ಅದು ಹಲವು ಭಾಷೆಗಳಲ್ಲಿ, ಕನ್ನಡದಲ್ಲೂ ಅಚ್ಚಾಗಿತ್ತು. ಅನುಮತಿ ಸಿಗುವ ದಿನವೇ ಅರ್ಜಿ ಹಿಂತೆಗೆದುಕೊಂಡವರು ಸರಿಯಾದ ಮಾಹಿತಿಯಿಲ್ಲದೆ ದಾರಿ ತಪ್ಪಿದವರೆಂದು ಸರ್ಕಾರ ಭಾವಿಸುತ್ತದೆ. ಅಂಥವರು ಮರು ಅರ್ಜಿ ಹಾಕುವ ಮುನ್ನ, ವಿದೇಶೀಯರಿಗೆ ದೈನಂದಿನ ವಿಷಯಗಳಲ್ಲಿ ಸಲಹೆ ನೀಡಲು ಸರ್ಕಾರವೇ ನೇಮಿಸಿದ ಮಾನ್ಯತೆ ಪಡೆದ ಸಲಹೆಗಾರರನ್ನು ಕಂಡು, ಆರು ಪಾಠ ಕೇಳಿ, ಅವರಿಂದ ಸಹಿ ತರಬೇಕು. ಅವಳು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ಅವನ ಭಾಷೆ ಬಲ್ಲ ಸಲಹೆಗಾರರು ಈ ನಗರಕ್ಕೆಲ್ಲ ಒಬ್ಬರೇ ಎಂಬುದನ್ನು ಒಂದು ಬೆರಳೆತ್ತಿ ಸ್ಪಷ್ಟಪಡಿಸಿದಳು.

ಕನ್ನಡಕಪ್ಪ ಚೀಟಿ ನೋಡಿದ. ಬೀದಿಯ ಹೆಸರು ಓದಿದ. ಕಟ್ಟಡದ ನಂಬರು ಓದಿದ. ಮಹಡಿಯ ನಂಬರನ್ನು ಎರಡು ಸಲ ಓದಿದ.

ಮನೆ ತಲುಪಿದಾಗ ಮೂರು ಗಂಟೆ ದಾಟಿತ್ತು. ಮೆಟ್ಟಿಲಲ್ಲಿ ಬಸ್ಸಣ್ಣ ನಿಂತಿದ್ದರು. "ದಿಂಬು ನೋಡಿದ್ರಾ?" ಎಂದು ಉತ್ಸಾಹದಿಂದ ಕೇಳಿದರು. "ನೋಡಿದ್ರು" ಎಂದ. ನರ್ಸಮ್ಮ ಬಾಗಿಲಿನಿಂದ, "ಬಾಟ್ಲಿ ತಗೊಂಡ್ರಾ?" ಎಂದರು. "ತಗೊಂಡ್ರು" ಎಂದ. ಇಬ್ಬರೂ 'ನಾನು ಹೇಳಲಿಲ್ಲವೇ' ಎಂಬಂತೆ ಪರಸ್ಪರ ನೋಡಿಕೊಂಡರು.

ಅಕ್ಕನ ಮನೆಯ ಬಾಗಿಲು ತಟ್ಟಿದ. ಅಕ್ಕ ತೆರೆದಳು. ಅವನ ಮುಖ ನೋಡಿ ಏನೂ ಕೇಳದೆ ಅಡುಗೆಮನೆಗೆ ಹೋಗಿ ತಟ್ಟೆ ಹಾಕತೊಡಗಿದಳು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಕನ್ನಡಕಪ್ಪ ಅದನ್ನೂ ತಟ್ಟಿ, ಚೀಟಿಯನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸಿದ.

ಸ್ವಲ್ಪ ಹೊತ್ತಿಗೆ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಭಾವನ ಅರ್ಧ ಮುಖ ಕಂಡಿತು. ಆ ಅರ್ಧದಲ್ಲಿ ನಾಚಿಕೆ ಇರಬೇಕಾದ ಜಾಗವನ್ನು ಆಗಲೇ ಅಧಿಕಾರ ತುಂಬಿಕೊಂಡಿತ್ತು.

"ನೋಡಯ್ಯಾ, ಆದದ್ದು ಆಯ್ತು. ನಾನಿದೀನಲ್ಲ, ಯಾಕ್ ಹೆದರ್ತೀಯಾ? ಆರೂ ಪಾಠ ನಾನೇ ಮಾಡ್ತೀನಿ, ಅಚ್ಚುಕಟ್ಟಾಗಿ." ದನಿ ತಗ್ಗಿಸಿದರು. "ಒಂದೇ ಒಂದು ತೊಡಕು. ಸಲಹೆಗಾರ ಸಂಬಂಧಿಕ ಆಗಿರ್ಬಾರ್ದು ಅಂತ ಇದಕ್ಕೂ ರೂಲ್ಸಿದೆ. ನನಗೂ ನಿನಗೂ ಯಾವ ಸಂಬಂಧವೂ ಇಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲ್ಲ ಅಂತ ಒಂದು ಕಾಗದಕ್ಕೆ ನೀನು ಸಹಿ ಹಾಕ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡ, ಬರೀ ಕಾಗದದ ಮಾತು ಅದು."

ಕನ್ನಡಕಪ್ಪ ಭಾವನ ಕೋಟನ್ನು ಬಿಚ್ಚಿ, ಅಚ್ಚುಕಟ್ಟಾಗಿ ಮಡಿಚಿ, ಬಾಗಿಲ ಹಿಡಿಕೆಯ ಮೇಲೆ ಹಾಕಿದ.

"ಪೆನ್ನು ಕೊಡಿ" ಎಂದ. "ಎಷ್ಟು ಪ್ರತಿ ಬೇಕಾದ್ರೂ ಹಾಕ್ತೀನಿ."